ಸ್ನೇಕ್ ಪ್ಲಾಂಟ್ ರಾತ್ರಿ ಆಕ್ಸಿಜನ್ ಕೊಡುತ್ತಾ? ಮಲಗುವ ಕೋಣೆಯಲ್ಲಿ ಇಡಬಹುದಾ?

ಬಾಲ್ಕನಿ_ಬಸಳೆ
ಮೊನ್ನೆ ಒಂದು ನರ್ಸರಿಯಿಂದ ಸ್ನೇಕ್ ಪ್ಲಾಂಟ್ ತಂದೆ. ಕೊಟ್ಟವರು, "ಮೇಡಂ, ಇದು ರಾತ್ರಿಯೆಲ್ಲಾ ಆಕ್ಸಿಜನ್ ಬಿಡುತ್ತೆ, ಮಂಚದ ಪಕ್ಕ ಇಡಿ" ಅಂದರು. ಮನೆಗೆ ಬಂದರೆ ನಮ್ಮ ಅತ್ತೆ, "ರಾತ್ರಿ ಗಿಡ ಕೆಟ್ಟ ಗಾಳಿ ಬಿಡುತ್ತೆ, ಮಲಗೋ ಕೋಣೆಯಲ್ಲಿ ಬೇಡ" ಅಂತ ಎತ್ತಿ ಬಾಗಿಲ ಹೊರಗೆ ಇಟ್ಟರು. ಈಗ ಗಿಡ ಚಪ್ಪಲಿ ಸ್ಟ್ಯಾಂಡ್ ಪಕ್ಕ ಇದೆ. ಮಗಳು ಒಂಬತ್ತನೇ ಕ್ಲಾಸು, ಜೀವಕೋಶದ ಪಾಠ ನಡೆಯುತ್ತಿದೆ. ಅವಳನ್ನು ಕೇಳಿದರೆ "ಅಮ್ಮ, ಪುಸ್ತಕದಲ್ಲಿ ಸ್ನೇಕ್ ಪ್ಲಾಂಟ್ ಇಲ್ಲ" ಅಂತಾಳೆ. ಯಾರ ಮಾತು ಸರಿ? ಬರೀ ಹೌದು, ಇಲ್ಲ ಅಂದರೆ ಸಾಲದು, ಯಾಕೆ ಅಂತಲೂ ಹೇಳಿ. ಅತ್ತೆಗೆ ನಾನು ವಿವರಿಸಬೇಕು.

ಸಿಲ್ಕ್‌ಬೋರ್ಡ್_ಸಂತ
ನರ್ಸರಿಯವರು ಹೇಳಿದ್ದೇ ಸರಿ. ಅರಳಿ ಮರ, ತುಳಸಿ, ಲೋಳೆಸರ, ಸ್ನೇಕ್ ಪ್ಲಾಂಟ್, ಈ ನಾಲ್ಕೂ 24 ಗಂಟೆ ಆಕ್ಸಿಜನ್ ಕೊಡುತ್ತವೆ. ನಾಸಾದವರೇ ಹೇಳಿದ್ದಾರೆ. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೆ ವಾರಕ್ಕೊಮ್ಮೆ ಬರುತ್ತೆ ಈ ಮೆಸೇಜು.

ಕತ್ರಿಗುಪ್ಪೆ_ಕೋಡರ್
ವಾರಕ್ಕೊಮ್ಮೆ ಬರುತ್ತೆ ಅನ್ನೋದಕ್ಕೇ ನನಗೆ ಅನುಮಾನ ಗುರು.

ಪಿಯು_ಬಯಾಲಜಿ_ಮೇಡಂ
ನರ್ಸರಿಯವರ ಮಾತೂ ಪೂರ್ತಿ ಸರಿಯಿಲ್ಲ, ಅತ್ತೆಯವರ ಮಾತೂ ಪೂರ್ತಿ ಸರಿಯಿಲ್ಲ. ಎರಡಕ್ಕೂ ಉತ್ತರ ಎಲೆಯ ಜೀವಕೋಶದ ಒಳಗೇ ಇದೆ.

ನಮ್ಮ ಕಾಲೇಜಿನ ಮಕ್ಕಳು ಉತ್ತರ ಪತ್ರಿಕೆಯಲ್ಲಿ ಒಂದು ವಾಕ್ಯ ತಪ್ಪದೆ ಬರೆಯುತ್ತಾರೆ: "ಪ್ರಾಣಿ ಕೋಶದಲ್ಲಿ ಮೈಟೊಕಾಂಡ್ರಿಯಾ, ಸಸ್ಯ ಕೋಶದಲ್ಲಿ ಕ್ಲೋರೋಪ್ಲಾಸ್ಟ್." ಯಾರೋ ಆಸ್ತಿ ಪಾಲು ಮಾಡಿಕೊಟ್ಟಂತೆ! ಹಸಿರು ಎಲೆಯ ಕೋಶದಲ್ಲಿ ಎರಡೂ ಇವೆ. ಮೈಟೊಕಾಂಡ್ರಿಯಾ ಸಕ್ಕರೆ ಮತ್ತು ಆಮ್ಲಜನಕ ಬಳಸಿ ಕೋಶಕ್ಕೆ ಬೇಕಾದ ಶಕ್ತಿ ಕೊಡುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಗೆ ಬಿಡುತ್ತದೆ. ಅದಕ್ಕೆ ಹಗಲು ರಾತ್ರಿ ಇಲ್ಲ, ಸದಾ ನಡೆಯುತ್ತಲೇ ಇರುತ್ತದೆ. ಗಿಡ ಉಸಿರಾಡುವುದು ರಾತ್ರಿ ಮಾತ್ರ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಗಲಲ್ಲೂ ಉಸಿರಾಡುತ್ತದೆ. ಆದರೆ ಆಗ ಕ್ಲೋರೋಪ್ಲಾಸ್ಟ್, ಅಂದರೆ ಬೆಳಕಿನಿಂದ ಆಹಾರ ಮಾಡುವ ಹಸಿರು ಕಣ, ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಆಮ್ಲಜನಕ ಮಾಡುವುದರಿಂದ ನಮಗೆ ಗೊತ್ತಾಗುವುದಿಲ್ಲ.

ಇನ್ನು ಆಮ್ಲಜನಕ ಎಲ್ಲಿಂದ ಬರುತ್ತದೆ? ಇಂಗಾಲದ ಡೈಆಕ್ಸೈಡ್‌ನಿಂದ ಅಲ್ಲ, ನೀರಿನಿಂದ. ಕ್ಲೋರೋಪ್ಲಾಸ್ಟಿನ ಒಳಪೊರೆಗಳಲ್ಲಿ ಹರಿತ್ತು ಅನ್ನುವ ಹಸಿರು ವಸ್ತು ಬೆಳಕನ್ನು ಹಿಡಿಯುತ್ತದೆ, ಆ ಶಕ್ತಿಯಿಂದ ನೀರು ಒಡೆಯುತ್ತದೆ, ಆಮ್ಲಜನಕ ಹೊರಬೀಳುತ್ತದೆ. 1941ರಲ್ಲಿ ರೂಬೆನ್, ಕಾಮೆನ್ ಅನ್ನುವ ವಿಜ್ಞಾನಿಗಳು ಮತ್ತು ಜೊತೆಗಾರರು ಭಾರದ ಆಮ್ಲಜನಕ (ಮಾಮೂಲಿಗಿಂತ ತೂಕ ಜಾಸ್ತಿ ಇರುವ ಆಮ್ಲಜನಕ) ಇರುವ ನೀರು ಬಳಸಿ ಇದನ್ನು ತೋರಿಸಿದರು. ಆ ಭಾರದ ಆಮ್ಲಜನಕವೇ ಗಾಳಿಯಾಗಿ ಹೊರಗೆ ಬಂತು. ಬೆಳಕಿಲ್ಲದಿದ್ದರೆ ನೀರು ಒಡೆಯುವುದಿಲ್ಲ. ಹಾಗಾಗಿ ಕತ್ತಲಲ್ಲಿ ಆಮ್ಲಜನಕ ತಯಾರಿಸುವ ಗಿಡ ಯಾವುದೂ ಇಲ್ಲ. ಅರಳಿಯೂ ಇಲ್ಲ, ತುಳಸಿಯೂ ಇಲ್ಲ, ಸ್ನೇಕ್ ಪ್ಲಾಂಟೂ ಇಲ್ಲ. ಅರಳಿ ಕಟ್ಟೆಗೆ ನಾನೂ ಪ್ರದಕ್ಷಿಣೆ ಹಾಕುತ್ತೇನೆ, ಅದು ಬೇರೆ ವಿಷಯ.

ಸಿಲ್ಕ್‌ಬೋರ್ಡ್_ಸಂತ
ಹಾಗಾದರೆ ಅತ್ತೆ ಗೆದ್ದರು ಅನ್ನಿ. ರಾತ್ರಿ ನಮ್ಮ ಆಕ್ಸಿಜನ್ ಅನ್ನೇ ಗಿಡ ಕುಡಿಯುತ್ತೆ!

ಕತ್ರಿಗುಪ್ಪೆ_ಕೋಡರ್
ತಡೀರಿ, ಲೆಕ್ಕ ಹಾಕೋಣ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆ ಅಂದರೆ 1,200 ಘನ ಅಡಿ, ಸುಮಾರು 34,000 ಲೀಟರ್ ಗಾಳಿ. ಅದರಲ್ಲಿ ಶೇ. 21 ಆಮ್ಲಜನಕ, ಅಂದರೆ 7,000 ಲೀಟರ್ ಚಿಲ್ಲರೆ. ಸುಮ್ನೆ ಮಲಗಿರುವ ಒಬ್ಬ ವಯಸ್ಕರಿಗೆ ನಿಮಿಷಕ್ಕೆ ಸುಮಾರು 250 ಮಿ.ಲೀ. ಬೇಕು. 8 ಗಂಟೆಗೆ 120 ಲೀಟರ್.

ಈಗ ಗಿಡ. ಒಳ್ಳೆ ಬಿಸಿಲಲ್ಲಿ ಒಂದು ಚದರ ಮೀಟರ್ ಎಲೆ ನಿಮಿಷಕ್ಕೆ 15 ಮಿ.ಲೀ. ಆಸುಪಾಸು ಆಮ್ಲಜನಕ ಕೊಡುತ್ತೆ ಅಂತ ಇಟ್ಟುಕೊಳ್ಳಿ. ರಾತ್ರಿ ಉಸಿರಾಟಕ್ಕೆ ಅದರ ಹತ್ತರಲ್ಲಿ ಒಂದು ಪಾಲು ಬಳಸುತ್ತೆ ಅನ್ನೋಣ. ಕುಂಡದ ಗಿಡದ ಎಲೆ ಎಲ್ಲಾ ಸೇರಿಸಿದರೂ ಕಾಲು ಚದರ ಮೀಟರ್ ದಾಟಲ್ಲ. ಅಂದರೆ ರಾತ್ರಿ ನಿಮಿಷಕ್ಕೆ ಅರ್ಧ ಮಿ.ಲೀ. ಕೂಡ ಇಲ್ಲ. ಪಕ್ಕದಲ್ಲಿ ಗೊರಕೆ ಹೊಡೆಯುವ ಯಜಮಾನರು 250! ಹೊರಗೆ ಹಾಕುವುದಾದರೆ ಯಾರನ್ನು ಹಾಕಬೇಕು ಅಂತ ನೀವೇ ಹೇಳಿ.

ಲೆಕ್ಕ ಉಲ್ಟಾ ಕೂಡ ಹಾಕಿ. ಒಬ್ಬರ ಉಸಿರಿಗೆ ಆಗುವಷ್ಟು ಆಮ್ಲಜನಕ ಬೇಕಂದರೆ, ಅದೂ ಬಿಸಿಲಲ್ಲಿ, 16-17 ಚದರ ಮೀಟರ್ ಎಲೆ ಬೇಕು. ಮಲಗುವ ಕೋಣೆಯಲ್ಲಿ ಮಂಚ ಇಡೋಕೆ ಜಾಗ ಇರಲ್ಲ. ಗಿಡ ಇಟ್ಟರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಕಿಟಕಿ ಒಂದಿಂಚು ತೆಗೆದರೆ ಈ ಲೆಕ್ಕವೆಲ್ಲಾ ಲೆಕ್ಕಕ್ಕೇ ಇಲ್ಲ.

ಬಾಲ್ಕನಿ_ಬಸಳೆ
ಯಜಮಾನರಿಗೆ ಓದಿ ಹೇಳಿದೆ. ಅವರಿಗೆ ನಗು ಬರಲಿಲ್ಲ 😄
ಆದರೆ ನಾಸಾ ಕಥೆ ಏನು? ಅಷ್ಟು ಜನ ಹೇಳುತ್ತಾರಲ್ಲ.

ಪಿಯು_ಬಯಾಲಜಿ_ಮೇಡಂ
1989ರಲ್ಲಿ ನಾಸಾದ ವುಲ್ವರ್ಟನ್ ತಂಡ ಒಂದು ವರದಿ ಕೊಟ್ಟಿತ್ತು, ಅದು ನಿಜ. ಗಾಳಿಯಾಡದ ಪೆಟ್ಟಿಗೆಯೊಳಗೆ ಗಿಡ ಇಟ್ಟು ಬೆಂಜೀನ್, ಫಾರ್ಮಾಲ್ಡಿಹೈಡ್ ಥರದ ರಾಸಾಯನಿಕ ಎಷ್ಟು ಕಡಿಮೆಯಾಗುತ್ತದೆ ಅಂತ ನೋಡಿದ್ದರು. ಸ್ನೇಕ್ ಪ್ಲಾಂಟ್ ಆ ಪಟ್ಟಿಯಲ್ಲಿತ್ತು. ರಾತ್ರಿ ಆಮ್ಲಜನಕಕ್ಕೂ ಆ ವರದಿಗೂ ಸಂಬಂಧವಿಲ್ಲ. ಮನೆ ಅಂದಮೇಲೆ ಗಾಳಿ ಓಡಾಡುತ್ತಲೇ ಇರುತ್ತದೆ, ಅದು ಮುಚ್ಚಿದ ಪೆಟ್ಟಿಗೆಯಲ್ಲ.

ಹಳೇ_ಮಾಲಿ
ತೋಟಗಾರಿಕೆ ಕೆಲಸದಿಂದ ನಿವೃತ್ತನಾದವನು ನಾನು. ಮೇಡಂ ಹೇಳಿದ್ದು ಸರಿ. ಆದರೆ ಗಾಳಿಸುದ್ದಿ ಸುಮ್ಮನೆ ಹುಟ್ಟಲಿಲ್ಲ. ಸ್ನೇಕ್ ಪ್ಲಾಂಟು ರಾತ್ರಿ ಹೊತ್ತು ಬೇರೆ ಗಿಡಗಳು ಮಾಡದ ಒಂದು ಕೆಲಸ ಮಾಡುತ್ತದೆ. ಅದರ ಕಥೆಗೆ ನಮ್ಮ ಲಾಲ್‌ಬಾಗಿನ ನಂಟೂ ಇದೆ.

ಟಿಪ್ಪು ನಂತರ ಲಾಲ್‌ಬಾಗ್ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಆಗ ಅದನ್ನು ನೋಡಿಕೊಂಡ ಕಂಪನಿಯ ಸಸ್ಯತಜ್ಞ ಬೆಂಜಮಿನ್ ಹೇನ್. ಈತ ನಮ್ಮ ಕಾಡು ಬಸಳೆಯ ಎಲೆ ಅಗಿದು ನೋಡಿದ. ಎಲೆ ಬಿದ್ದ ಕಡೆ ಅಂಚಿನಲ್ಲಿ ಮರಿ ಗಿಡ ಹುಟ್ಟುತ್ತಲ್ಲ, ಅದೇ ಕಾಡು ಬಸಳೆ. ಬೆಳಿಗ್ಗೆ ಎಲೆ ಒಳ್ಳೆ ಹುಳಿ. ಮಧ್ಯಾಹ್ನ ಸಪ್ಪೆ. ಸಂಜೆ ಸ್ವಲ್ಪ ಕಹಿ. ಇದನ್ನು ಲಂಡನ್ನಿಗೆ ಬರೆದು ತಿಳಿಸಿದ, 1815ರಲ್ಲಿ ಲಿನ್ನಿಯನ್ ಸೊಸೈಟಿಯ ಸಂಚಿಕೆಯಲ್ಲಿ ಅಚ್ಚಾಯಿತು. ಅದಕ್ಕೂ ಮೊದಲು 1804ರಲ್ಲಿ ಸೊಸ್ಯೂರ್ ಅನ್ನುವವರು ಪಾಪಸುಕಳ್ಳಿ ರಾತ್ರಿ ಹೊತ್ತು ಗಾಳಿ ಒಳಗೆಳೆದುಕೊಳ್ಳುವುದನ್ನು ಗಮನಿಸಿದ್ದರು. ಎರಡೂ ಒಂದೇ ಕೆಲಸದ ಎರಡು ಮುಖ ಅಂತ ಗೊತ್ತಾಗಲು ನೂರು ವರ್ಷಕ್ಕೂ ಜಾಸ್ತಿ ಬೇಕಾಯಿತು.

ನನಗೆ ಈ ಮನುಷ್ಯ ಇಷ್ಟವಾಗುವುದು ಇದಕ್ಕೇ. ಉಪಕರಣ ಏನೂ ಇಲ್ಲ, ನಾಲಿಗೆ ಒಂದೇ. ಎಲೆ ರುಚಿ ನೋಡುವವರು ಬಹಳ ಜನ ಸಿಗುತ್ತಾರೆ. ಅದೇ ಎಲೆಯನ್ನು ಹೊತ್ತುಹೊತ್ತಿಗೆ ನೋಡಬೇಕು ಅಂತ ಎಷ್ಟು ಜನಕ್ಕೆ ಹೊಳೆಯುತ್ತೆ?

ಸಿಲ್ಕ್‌ಬೋರ್ಡ್_ಸಂತ
ಸಾರ್, ಕಥೆ ಚೆನ್ನಾಗಿದೆ. ಹುಳಿಗೂ ಗಾಳಿಗೂ ಏನು ಸಂಬಂಧ?

ಪಿಯು_ಬಯಾಲಜಿ_ಮೇಡಂ
ಎಲೆಯ ಚರ್ಮದಲ್ಲಿ ಸಣ್ಣ ತೂತುಗಳಿವೆ, ಪತ್ರರಂಧ್ರ. ಪ್ರತಿ ತೂತಿಗೂ ಎರಡು ಕಾವಲು ಕೋಶ. ಅವು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತೆಗೆದುಕೊಂಡಾಗ ನೀರೂ ಹಿಂದೆಯೇ ಬರುತ್ತದೆ, ಕೋಶ ಉಬ್ಬಿ ಬಾಗುತ್ತದೆ, ತೂತು ತೆರೆಯುತ್ತದೆ. ಮಾವು, ಹಲಸು, ಹೊಂಗೆ ಇವೆಲ್ಲಾ ಹಗಲು ತೂತು ತೆರೆಯುತ್ತವೆ. ಇಂಗಾಲದ ಡೈಆಕ್ಸೈಡ್ ಒಳಗೆ ಬರುತ್ತದೆ, ಆದರೆ ಅದೇ ತೂತಿನಿಂದ ನೀರು ಆವಿಯಾಗಿ ಹೋಗುತ್ತದೆ. ಒಂದು ಗ್ರಾಂ ಇಂಗಾಲದ ಡೈಆಕ್ಸೈಡ್ ಸಂಪಾದಿಸಲು ಇಂಥ ಗಿಡಗಳು 400ರಿಂದ 500 ಗ್ರಾಂ ನೀರು ಕಳೆದುಕೊಳ್ಳುತ್ತವೆ.

ಒಣ ಜಾಗದ ಗಿಡಕ್ಕೆ ಅಷ್ಟು ನೀರು ಎಲ್ಲಿಂದ ಬರಬೇಕು? ಹಾಗಾಗಿ ಸ್ನೇಕ್ ಪ್ಲಾಂಟ್, ಕಾಡು ಬಸಳೆ, ಪಾಪಸುಕಳ್ಳಿ, ಕತ್ತಾಳೆ, ಲೋಳೆಸರ, ಅನಾನಸ್ ಇವೆಲ್ಲಾ ತಂಪು ಹೊತ್ತಲ್ಲಿ, ರಾತ್ರಿ, ತೂತು ತೆರೆಯುತ್ತವೆ. ಒಳಗೆ ಬಂದ ಇಂಗಾಲದ ಡೈಆಕ್ಸೈಡ್ ಅನ್ನು ಸಕ್ಕರೆ ಮಾಡಲು ಬೆಳಕಿನ ಶಕ್ತಿ ಬೇಕು, ಅದು ಆಗ ಇಲ್ಲ. ಅದಕ್ಕೆ ಮ್ಯಾಲಿಕ್ ಆಮ್ಲ ಮಾಡಿ ಕೂಡಿಡುತ್ತವೆ. ಎಲ್ಲಿ? ರಸದಾನಿಯಲ್ಲಿ, ಅಂದರೆ ಕೋಶದೊಳಗಿನ ರಸ ತುಂಬಿದ ಚೀಲದಲ್ಲಿ. ಬೆಳೆದ ಸಸ್ಯ ಕೋಶದ ಒಳಗಿನ ಜಾಗದಲ್ಲಿ ಶೇ. 80-90ರವರೆಗೂ ರಸದಾನಿಯೇ ಇರಬಹುದು. ಪಾಠದಲ್ಲಿ "ನೀರು ಮತ್ತು ತ್ಯಾಜ್ಯ ಸಂಗ್ರಹ" ಅಂತ ಒಂದು ಸಾಲಿನಲ್ಲಿ ಮುಗಿಸುತ್ತಾರೆ, ಪಾಪ. ಬೆಳಗಾದ ಮೇಲೆ ತೂತು ಮುಚ್ಚುತ್ತದೆ, ಆಮ್ಲ ಹೊರಬಂದು ಒಡೆಯುತ್ತದೆ, ಬಿಡುಗಡೆಯಾದ ಇಂಗಾಲದ ಡೈಆಕ್ಸೈಡ್ ಅನ್ನು ಕ್ಲೋರೋಪ್ಲಾಸ್ಟ್ ಬಿಸಿಲಿನ ಬಲದಿಂದ ಸಕ್ಕರೆ ಮಾಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಹುಳಿ ಖಾಲಿ. ಈ ಗಿಡಗಳಿಗೆ ಒಂದು ಗ್ರಾಂಗೆ 50ರಿಂದ 100 ಗ್ರಾಂ ನೀರು ಸಾಕು. ಈ ವಿಧಾನಕ್ಕೆ ಕ್ಯಾಮ್ ಅನ್ನುತ್ತಾರೆ, ಕ್ರಾಸುಲೇಸಿಯನ್ ಆಸಿಡ್ ಮೆಟಬಾಲಿಸಂ. ಕಾಡು ಬಸಳೆಯ ಕುಟುಂಬ ಕ್ರಾಸುಲೇಸಿ, ಹೆಸರು ಅಲ್ಲಿಂದ ಬಂತು.

ರಾತ್ರಿ ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳುತ್ತೆ ಅನ್ನುವುದನ್ನು ಯಾರೋ "ರಾತ್ರಿ ಆಕ್ಸಿಜನ್ ಬಿಡುತ್ತೆ" ಅಂತ ಮಾಡಿದರು.

ಕತ್ರಿಗುಪ್ಪೆ_ಕೋಡರ್
ಅರ್ಥ ಆಯ್ತು. ಕಾವೇರಿ ನೀರು ರಾತ್ರಿ ಬಂದಾಗ ಸಂಪ್ ತುಂಬಿಸಿಕೊಂಡು ಹಗಲೆಲ್ಲಾ ಅದರಲ್ಲೇ ಕೆಲಸ ಸಾಗಿಸೋದು. ರಸದಾನಿ ಅಂದರೆ ಸಂಪ್.

ಬಾಲ್ಕನಿ_ಬಸಳೆ
ಮಗಳ ಪ್ರಶ್ನೆ, ಅವಳೇ ಹೇಳಿ ಟೈಪ್ ಮಾಡಿಸುತ್ತಿದ್ದಾಳೆ: "ಹಗಲು ಬೆಳಕಿದ್ದಾಗ ಆಕ್ಸಿಜನ್ ಆಗುತ್ತೆ. ಆದರೆ ಆಗ ತೂತು ಮುಚ್ಚಿರುತ್ತೆ. ರಾತ್ರಿ ತೂತು ತೆರೆಯುತ್ತೆ. ಹಾಗಾದರೆ ಹಗಲು ಮಾಡಿದ ಆಕ್ಸಿಜನ್ ರಾತ್ರಿ ಹೊರಗೆ ಬರಲ್ವಾ ಮಿಸ್? ಆಗ ನರ್ಸರಿ ಅಂಕಲ್ ಹೇಳಿದ್ದು ಸರಿ ಆಗುತ್ತಲ್ಲ?"

ಪಿಯು_ಬಯಾಲಜಿ_ಮೇಡಂ
ಪುಟ್ಟಿ, ನನ್ನ ಪಿಯು ಮಕ್ಕಳಿಂದ ನನಗೆ ಬೇಕಾಗಿರುವ ಪ್ರಶ್ನೆ ಇದು! ಮುಚ್ಚಿದ ಎಲೆಯೊಳಗೆ ಹಗಲು ಆಮ್ಲಜನಕದ ಪ್ರಮಾಣ ನಿಜವಾಗಿಯೂ ಏರುತ್ತದೆ, ಹೊರಗಿನ ಗಾಳಿಗಿಂತ ಜಾಸ್ತಿ ಆಗುತ್ತದೆ. ಆದರೆ ಅದು ಅಲ್ಲೇ ಕಾಯುತ್ತಾ ಕೂರುವುದಿಲ್ಲ. ಒಳಗೆ ಒತ್ತಾದಷ್ಟೂ ಎಲೆಯ ಚರ್ಮದ ಮೂಲಕ, ಪೂರ್ತಿ ಮುಚ್ಚದ ತೂತುಗಳ ಮೂಲಕ ಹಗಲಲ್ಲೇ ಸೋರುತ್ತಾ ಹೋಗುತ್ತದೆ. ಇಳಿಹೊತ್ತಿನಲ್ಲಿ, ಬೆಳಕು ಇನ್ನೂ ಇರುವಾಗಲೇ, ಬಹಳಷ್ಟು ಕ್ಯಾಮ್ ಗಿಡಗಳು ತೂತು ತೆರೆಯಲು ಶುರು ಮಾಡುತ್ತವೆ. ಕತ್ತಲಾದಾಗ ಉಳಿಯುವುದು ಎಲೆಯೊಳಗಿನ ಗಾಳಿಯ ಸಂದುಗಳಲ್ಲಿ ಇದ್ದಷ್ಟು ಮಾತ್ರ. ಇಂಥ ದಪ್ಪ ಎಲೆಗಳಲ್ಲಿ ಕೋಶಗಳು ಒತ್ತೊತ್ತಾಗಿ ಕೂತಿರುತ್ತವೆ, ಸಂದು ಬಹಳ ಕಡಿಮೆ. ಅದರಲ್ಲೂ ಒಂದಷ್ಟನ್ನು ಗಿಡದ ಮೈಟೊಕಾಂಡ್ರಿಯಾವೇ ಬಳಸುತ್ತದೆ. ನಮ್ಮ ಒಂದೆರಡು ಉಸಿರಿಗೂ ಸಾಲುವುದಿಲ್ಲ.

ಸಿಲ್ಕ್‌ಬೋರ್ಡ್_ಸಂತ
ಸರಿ, ನಾಲಿಗೆ ಪ್ರಯೋಗ ನಾನೂ ಮಾಡಿದೆ. ನಮ್ಮ ಟೆರೇಸಿನಲ್ಲಿ ಕಾಡು ಬಸಳೆ ಇದೆ, ಅಮ್ಮ ಕಿಡ್ನಿ ಸ್ಟೋನ್‌ಗೆ ಅಂತ ಬೆಳೆಸಿದ್ದು. ಹಾಲಿನವನು ಬರೋ ಹೊತ್ತಿಗೆ ಕಿತ್ತ ಎಲೆ ಬಾಯಿಗೆ ತಾಗಿಸಿದರೆ ಹಲ್ಲು ಜುಮ್ ಅಂತು. ಅದೇ ಗಿಡದ ಎಲೆ ಮಧ್ಯಾಹ್ನ ಊಟ ಆದಮೇಲೆ ನೋಡಿದರೆ ಹುಲ್ಲು ಅಗಿದ ಹಾಗೆ. ನಂಬೋಕೆ ಆಗಲ್ಲ.

ಹಳೇ_ಮಾಲಿ
ತಮ್ಮಾ, ನಾಲಿಗೆಗೆ ತಾಗಿಸಿ ಉಗಿದರೆ ಸಾಕು, ತಿನ್ನಬೇಡಿ. ಆ ಜಾತಿಯ ಗಿಡಗಳಲ್ಲಿ ಹೃದಯಕ್ಕೆ ತೊಂದರೆ ಕೊಡುವ ವಸ್ತುಗಳಿವೆ, ದನಕರು ಜಾಸ್ತಿ ಮೇಯ್ದು ಸತ್ತದ್ದೂ ಉಂಟು. ಕಿಡ್ನಿ ಸ್ಟೋನ್‌ಗೆ ಅಂತ ದಿನಾ ತಿನ್ನುವ ಮೊದಲು ಡಾಕ್ಟರನ್ನು ಕೇಳಿ. ಸ್ನೇಕ್ ಪ್ಲಾಂಟ್ ಎಲೆಯನ್ನಂತೂ ಬಾಯಿಗೆ ಹಾಕಲೇ ಬೇಡಿ. ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಎಟುಕದ ಜಾಗದಲ್ಲಿ ಇಡಿ, ವಾಂತಿ ಮಾಡಿಕೊಳ್ಳುತ್ತವೆ.

ಶಂಖಪುಷ್ಪ_ಶೋಭೆ
ಬಾಯಿಗೆ ಹಾಕದೆ ನೋಡಲು ಒಂದು ದಾರಿ ಇದೆ. ಶಂಖಪುಷ್ಪದ ನೀಲಿ ಹೂ ನಾಲ್ಕೈದು ಬಿಸಿ ನೀರಲ್ಲಿ ಹಾಕಿಡಿ. ಬೆಳಿಗ್ಗೆ ಕಿತ್ತ ಕಾಡು ಬಸಳೆ ಎಲೆಯನ್ನು ಕುಟ್ಟಾಣಿಯಲ್ಲಿ ಒಂದು ಚಮಚ ನೀರು ಹಾಕಿ ಜಜ್ಜಿ, ಬಟ್ಟೆಯಲ್ಲಿ ಸೋಸಿ, ಆ ರಸಕ್ಕೆ ನೀಲಿ ನೀರು ಬಿಡಿ. ನೇರಳೆಗೆ ತಿರುಗುತ್ತೆ. ಸಂಜೆ ಎಲೆಯ ರಸಕ್ಕೆ ಬಿಟ್ಟರೆ ಹೆಚ್ಚುಕಡಿಮೆ ನೀಲಿಯಾಗೇ ಇರುತ್ತೆ. ಎರಡೂ ಲೋಟ ಒಟ್ಟಿಗೆ ಇಟ್ಟು ನೋಡಬೇಕಂದರೆ ಬೆಳಗಿನ ರಸವನ್ನು ಫ್ರಿಜ್ಜಿನಲ್ಲಿ ಇಡಿ. ಗಿಡಕ್ಕೆ ಹಿಂದಿನ ದಿನ ಒಳ್ಳೆ ಬಿಸಿಲು ಬಿದ್ದಿರಬೇಕು. ಮೋಡದ ದಿನ ಮಾಡಿದರೆ ವ್ಯತ್ಯಾಸ ಅಷ್ಟು ಕಾಣಲ್ಲ. ನಮ್ಮ ಊರಲ್ಲಿ ಜುಲೈನಲ್ಲಿ ಮಾಡಿದರೆ ನಿರಾಸೆ ಗ್ಯಾರಂಟಿ.

ಬಾಲ್ಕನಿ_ಬಸಳೆ
ಇದು ಮಗಳ ಪ್ರಾಜೆಕ್ಟಿಗೇ ಆಗುತ್ತೆ! ಆ ತೂತು ಅಂತೀರಲ್ಲ, ಅದನ್ನು ಮನೆಯಲ್ಲಿ ನೋಡಲು ಆಗುತ್ತಾ? ಅವರ ಸ್ಕೂಲಿನ ಮೈಕ್ರೋಸ್ಕೋಪು ಬೀರುವಿನಲ್ಲೇ ಇರುತ್ತಂತೆ.

ಪಿಯು_ಬಯಾಲಜಿ_ಮೇಡಂ
ಸ್ನೇಕ್ ಪ್ಲಾಂಟ್ ಬೇಡ, ಅದರ ಸಿಪ್ಪೆ ಸರಿಯಾಗಿ ಬರುವುದಿಲ್ಲ. ನಮ್ಮ ಪಾರ್ಕುಗಳ ಅಂಚಿನಲ್ಲಿ ರಿಯೋ ಅಂತ ಒಂದು ಗಿಡ ಸಾಲಾಗಿ ನೆಟ್ಟಿರುತ್ತಾರೆ. ಎಲೆ ಮೇಲೆ ಹಸಿರು, ಕೆಳಗೆ ನೇರಳೆ. ಎಲೆಯನ್ನು ಮಡಚಿ ಓರೆಯಾಗಿ ಹರಿದರೆ ಹರಿದ ಅಂಚಿನಲ್ಲಿ ನೇರಳೆ ಪೊರೆ ಗಾಜಿನಷ್ಟು ತೆಳ್ಳಗೆ ಎದ್ದು ಬರುತ್ತದೆ. ಅದರ ಚೂರು ಸ್ಲೈಡ್ ಮೇಲೆ, ಒಂದು ಹನಿ ನೀರು, ಮೇಲೆ ಕವರ್‌ಸ್ಲಿಪ್ಪನ್ನು ಒಂದು ಅಂಚಿನಿಂದ ನಿಧಾನವಾಗಿ ಮಲಗಿಸಬೇಕು. ಧಡಕ್ಕನೆ ಹಾಕಿದರೆ ಗಾಳಿಗುಳ್ಳೆ ಸಿಕ್ಕಿಹಾಕಿಕೊಳ್ಳುತ್ತದೆ. ದಪ್ಪ ಕಪ್ಪು ಅಂಚಿನ ದುಂಡಗಿನ ಗುಳ್ಳೆ ಕಂಡಕೂಡಲೇ "ಮಿಸ್, ಜೀವಕೋಶ!" ಅಂತ ಅರ್ಧ ಕ್ಲಾಸು ಅದನ್ನೇ ಚಿತ್ರ ಬರೆಯುತ್ತದೆ.

100 ಪಟ್ಟು ದೊಡ್ಡದು ಮಾಡಿದರೆ ಸಾಕು. ಆರು ಮೂಲೆಯ ನೇರಳೆ ಕೋಶಗಳು ಒಂದಕ್ಕೊಂದು ಅಂಟಿ ನಿಂತಿರುತ್ತವೆ. ನಡುನಡುವೆ ಎರಡೆರಡು ಹಸಿರು ಕೋಶ, ಅವುಗಳ ಮಧ್ಯೆ ಸೀಳು. ಅದೇ ಪತ್ರರಂಧ್ರ. ಸುತ್ತಲಿನ ಚರ್ಮದ ಕೋಶಗಳಲ್ಲಿ ಹಸಿರು ಕಾಣುವುದಿಲ್ಲ, ಕಾವಲು ಕೋಶದಲ್ಲಿ ಕಾಣುತ್ತದೆ. ಆಮೇಲೆ ಕವರ್‌ಸ್ಲಿಪ್ಪಿನ ಒಂದು ಬದಿಗೆ ಉಪ್ಪು ನೀರು ಬಿಟ್ಟು, ಇನ್ನೊಂದು ಬದಿಯಿಂದ ಟಿಶ್ಯೂ ಕಾಗದದಲ್ಲಿ ಎಳೆಯಿರಿ. ನೋಡುತ್ತಿದ್ದಂತೆ ನೇರಳೆ ಬಣ್ಣ ಗೋಡೆ ಬಿಟ್ಟು ಒಳಗೆ ಸರಿದು ಮುದುಡುತ್ತದೆ. ಕೋಶಭಿತ್ತಿ ಇದ್ದಲ್ಲೇ ಇರುತ್ತದೆ. ನೇರಳೆ ಬಣ್ಣ ಇರುವುದು ರಸದಾನಿಯೊಳಗೆ, ಹಾಗಾಗಿ ರಸದಾನಿ ಕುಗ್ಗುವುದನ್ನು ನೇರವಾಗಿ ನೋಡಿದಂತಾಗುತ್ತದೆ. ಚಿತ್ರ ನೋಡಿ ಬಾಯಿಪಾಠ ಮಾಡಿದ ಮಗು ಇದನ್ನು ನೋಡಿದ ಮೇಲೆ ರಸದಾನಿಯನ್ನು ಮರೆಯುವುದಿಲ್ಲ.

ಮೈಕ್ರೋಸ್ಕೋಪಿಗೆ ಫೋಲ್ಡ್‌ಸ್ಕೋಪ್ ನೋಡಿ. ಸ್ಟ್ಯಾನ್‌ಫರ್ಡ್‌ನಲ್ಲಿರುವ ಮನು ಪ್ರಕಾಶ್ ಅವರ ತಂಡ ಮಾಡಿದ ಕಾಗದದ ಸೂಕ್ಷ್ಮದರ್ಶಕ. ಸುಮಾರು 140 ಪಟ್ಟು ದೊಡ್ಡದು ಮಾಡುತ್ತದೆ. ಮೊಬೈಲಿಗೆ ಅಂಟಿಸಿ ಫೋಟೋ ತೆಗೆಯಬಹುದು.

ಸಿಲ್ಕ್‌ಬೋರ್ಡ್_ಸಂತ
ದೊಡ್ಡಪತ್ರೆ ಎಲೆಯೂ ದಪ್ಪ. ಅದೂ ರಾತ್ರಿ ಪಾಳಿಯಾ?

ಹಳೇ_ಮಾಲಿ
ಎಲೆ ದಪ್ಪ ಇದ್ದ ಮಾತ್ರಕ್ಕೆ ಪೂರ್ತಿ ರಾತ್ರಿ ಪಾಳಿ ಅಂತ ಹೇಳಲಾಗದು. ಮಜಾ ಇರುವುದು ದೊಡ್ಡ ಗೋಣಿ ಸೊಪ್ಪಿನಲ್ಲಿ. ತಳ್ಳುಗಾಡಿಯಲ್ಲಿ ಸಿಗುತ್ತಲ್ಲ, ಕೆಂಪು ದಂಟಿನದು. ಅದು ಮಾಮೂಲಾಗಿ ರಾಗಿ, ಜೋಳ, ಕಬ್ಬಿನ ದಾರಿ ಹಿಡಿಯುತ್ತದೆ. ಹಗಲಲ್ಲೇ ತೂತು ತೆರೆದು ಇಂಗಾಲದ ಡೈಆಕ್ಸೈಡ್ ಹಿಡಿಯುವ ಇನ್ನೊಂದು ವಿಧಾನ ಅದು, ಸಿ4 ಅನ್ನುತ್ತಾರೆ. ನೀರು ಸಿಗದೆ ಒಣಗಲು ಬಿಟ್ಟರೆ ಕ್ಯಾಮ್ ಕೆಲಸವನ್ನೂ ಜೊತೆಗೆ ಶುರು ಮಾಡುತ್ತದೆ. ಒಂದೇ ಎಲೆಯಲ್ಲಿ ಎರಡೂ. ಎರಡು ರೂಪಾಯಿ ಕಟ್ಟು ಅಂತ ತಾತ್ಸಾರ ಮಾಡಿದ ಸೊಪ್ಪು ಅದು, ಈಗ ವಿಜ್ಞಾನಿಗಳು ಅದರ ಹಿಂದೆ ಬಿದ್ದಿದ್ದಾರೆ.

ಕತ್ರಿಗುಪ್ಪೆ_ಕೋಡರ್
ಎರಡು ರೂಪಾಯಿ ಕಟ್ಟು ಎಲ್ಲಿ ಸಾರ್? ವಿಳಾಸ ಹಾಕಿ.

ಬಾಲ್ಕನಿ_ಬಸಳೆ
ಎಲ್ಲರಿಗೂ ಥ್ಯಾಂಕ್ಸ್. ಅತ್ತೆಗೆ ಯಜಮಾನರ 250 ಮಿ.ಲೀ. ಲೆಕ್ಕ ಹೇಳಿದ ಮೇಲೆ ಗಿಡ ಒಳಗೆ ಬಂತು. ಆದರೆ ಈಗ ಬೇರೆ ತೊಂದರೆ. ಎರಡು ಎಲೆಯ ಬುಡ ಮೆತ್ತಗಾಗಿದೆ, ಮುಟ್ಟಿದರೆ ನೀರು ನೀರು, ವಾಸನೆ ಬೇರೆ. ದಿನಾ ನೀರು ಹಾಕುತ್ತಿದ್ದೆ.

ಹಳೇ_ಮಾಲಿ
ಅಮ್ಮಾ, ದಿನಾ ನೀರು ಹಾಕಿದ್ದರಿಂದಲೇ ಹಾಗಾಗಿದೆ. ಬೇರಿನ ಕೋಶಗಳಲ್ಲಿ ಕ್ಲೋರೋಪ್ಲಾಸ್ಟ್ ಇಲ್ಲ, ಮೈಟೊಕಾಂಡ್ರಿಯಾ ಇದೆ. ಅವು ಮಣ್ಣಿನ ಸಂದಿನಲ್ಲಿರುವ ಗಾಳಿಯಿಂದಲೇ ಆಮ್ಲಜನಕ ತೆಗೆದುಕೊಳ್ಳಬೇಕು. ಸಂದಿನಲ್ಲೆಲ್ಲಾ ನೀರು ನಿಂತರೆ ಬೇರಿಗೆ ಉಸಿರು ಕಟ್ಟುತ್ತದೆ, ಸಾಯುತ್ತದೆ, ಆಮೇಲೆ ಕೊಳೆ ಹಿಡಿಯುತ್ತದೆ. ಕುಂಡದಿಂದ ತೆಗೆದು ಮೆತ್ತಗಾದ ಭಾಗವನ್ನೆಲ್ಲಾ ಕತ್ತರಿಸಿ ಹಾಕಿ. ಕತ್ತರಿಸಿದ ಜಾಗ ಎರಡು ಮೂರು ದಿನ ನೆರಳಲ್ಲಿ ಒಣಗಲಿ. ಕೆಂಪು ಮಣ್ಣಿಗೆ ಅರ್ಧದಷ್ಟು ದಪ್ಪ ಮರಳು ಬೆರೆಸಿ ನೆಡಿ. ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು.

ನಿಮ್ಮ ಗಿಡ ಪೂರ್ತಿ ಹಸಿರಿನದಾ, ಹಳದಿ ಅಂಚಿನದಾ?

ಬಾಲ್ಕನಿ_ಬಸಳೆ
ಹಳದಿ ಅಂಚಿನದು. ಚೆನ್ನಾಗಿರುವ ಎಲೆ ತುಂಡು ಮಾಡಿ ನೆಟ್ಟರೆ ಹೊಸ ಗಿಡ ಬರುತ್ತೆ ಅಂತ ವಿಡಿಯೋದಲ್ಲಿ ನೋಡಿದೆ. ಮಾಡಲಾ?

ಹಳೇ_ಮಾಲಿ
ಗಿಡ ಬರುತ್ತದೆ, ಹಳದಿ ಅಂಚು ಬರುವುದಿಲ್ಲ. ಆ ಎಲೆಯಲ್ಲಿ ಎರಡು ಬಗೆಯ ಕೋಶಗಳಿವೆ. ಅಂಚಿನ ಕೋಶಗಳಿಗೆ ಹರಿತ್ತು ಮಾಡಲು ಬರುವುದಿಲ್ಲ, ಒಳಗಿನವಕ್ಕೆ ಬರುತ್ತದೆ. ತುಂಡು ಎಲೆಯಿಂದ ಹೊಸ ಮೊಳಕೆ ಹೊರಡುವುದು ಒಳಗಿನ ಹಸಿರು ಕೋಶಗಳಿಂದ, ಹಾಗಾಗಿ ಮರಿ ಪೂರ್ತಿ ಹಸಿರು. ಅಂಚು ಉಳಿಯಬೇಕಂದರೆ ಮಣ್ಣಿನೊಳಗಿನ ಗೆಡ್ಡೆಯನ್ನೇ, ಒಂದು ಚಿಗುರು ಇರುವ ಹಾಗೆ, ಭಾಗ ಮಾಡಿ ನೆಡಬೇಕು. ಗೆಡ್ಡೆ ಗಟ್ಟಿಯಾಗಿದೆಯಾ ನೋಡಿ ಒಂದು ಫೋಟೋ ಹಾಕಿ, ಎಲ್ಲಿ ಕತ್ತರಿಸಬೇಕು ಅಂತ ಗುರುತು ಮಾಡಿ ಕೊಡುತ್ತೇನೆ.